ವ್ಯಾಯಾಮ ಮಾಡುವವರು ದಿನಕ್ಕೆ ಎಷ್ಟು ನೀರು ಕುಡಿಯಬೇಕು? ತೂಕದ ಯಂತ್ರವನ್ನೇ ಕೇಳಿ

ಮುಂಬಯಿಯಿಂದ, ಪುಣೆಯಿಂದ, ಈಗೀಗ ಗೋವೆಯಿಂದಲೂ ಓದುಗರು ಕೇಳುತ್ತಿರುವ ಪ್ರಶ್ನೆ ಒಂದೇ: “ಜಿಮ್ಮಿಗೆ ಸೇರಿದ್ದೇನೆ, ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಲಿ?” ಕೇಳುವವರಿಗೆ ಬೇಕಿರುವುದು ಒಂದು ಸಂಖ್ಯೆ. ಆದರೆ ಮೇ ತಿಂಗಳಲ್ಲಿ ದಾದರಿನ ಶಿವಾಜಿ ಪಾರ್ಕ್ ಸುತ್ತ ಓಡುವ 80 ಕಿಲೋದವರಿಗೂ ಡಿಸೆಂಬರ್ ಬೆಳಿಗ್ಗೆ ಪುಣೆಯ ತಳಜಾಯಿ ಗುಡ್ಡದಲ್ಲಿ ನಡೆಯುವ 52 ಕಿಲೋದವರಿಗೂ ಒಂದೇ ಸಂಖ್ಯೆ ಹೇಳಿದರೆ ಇಬ್ಬರಲ್ಲಿ ಒಬ್ಬರಿಗಾದರೂ ಸುಳ್ಳು ಹೇಳಿದಂತೆ. ನಿಮ್ಮ ಸಂಖ್ಯೆಯನ್ನು ನೀವೇ ಮನೆಯಲ್ಲಿ ಅಳೆದುಕೊಳ್ಳಬಹುದು. ಒಂದು ತೂಕದ ಯಂತ್ರ, ಗುರುತಿರುವ ಬಾಟಲಿ, ಒಣ ಟವೆಲ್, ಒಂದು ನೋಟ್‌ಬುಕ್ ಇದ್ದರೆ ಸಾಕು.

“ಎಂಟು ಲೋಟ” ಎಂಬ ಮಾತನ್ನು ಮೊದಲು ವಿಲೇವಾರಿ ಮಾಡೋಣ. ಅದರ ಬೇರು ಹುಡುಕಿದವರು ಸಾಮಾನ್ಯವಾಗಿ ತಲುಪುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಕೊಟ್ಟ ಸಲಹೆಗೆ: ತಿನ್ನುವ ಪ್ರತಿ ಕ್ಯಾಲರಿಗೆ ಸುಮಾರು 1 ಮಿ.ಲೀ. ನೀರು ಬೇಕು. ಅದರ ಬೆನ್ನಿಗೇ ಇನ್ನೊಂದು ವಾಕ್ಯವಿತ್ತು, ಇದರಲ್ಲಿ ಬಹುಪಾಲು ಆಹಾರದಲ್ಲೇ ಇರುತ್ತದೆ ಎಂದು. ಜನ ಮೊದಲನೆಯದನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ವ್ಯಾಯಾಮ ಮಾಡುವವರ ಲೆಕ್ಕ ಆ ಸಲಹೆಯಲ್ಲಿ ಇರಲೇ ಇಲ್ಲ.

1. ವ್ಯಾಯಾಮವಿಲ್ಲದ ದಿನದ ಲೆಕ್ಕ

ಮೊದಲು ಬುಡದ ಸಂಖ್ಯೆ. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 30ರಿಂದ 35 ಮಿ.ಲೀ. ದ್ರವ ಎಂದು ಹಿಡಿಯಿರಿ. 50 ಕಿಲೋಗೆ ಒಂದೂವರೆಯಿಂದ ಒಂದೂಮುಕ್ಕಾಲು ಲೀಟರ್. 60 ಕಿಲೋಗೆ 1.8ರಿಂದ 2.1 ಲೀಟರ್, 70 ಕಿಲೋಗೆ 2.1ರಿಂದ ಸುಮಾರು 2.5 ಲೀಟರ್. ತೀರಾ ದಪ್ಪಗಿರುವವರಿಗೆ ಈ ಲೆಕ್ಕ ಹೆಚ್ಚು ತೋರಿಸುತ್ತದೆ, ಏಕೆಂದರೆ ಕೊಬ್ಬಿನಲ್ಲಿ ನೀರಿನ ಅಂಶ ಕಡಿಮೆ. ಅವರು 30ರ ಕಡೆಗೇ ಇರಲಿ.

ದ್ರವ ಎಂದರೆ ಬರೀ ನೀರಲ್ಲ. ಚಹಾ, ಕಾಫಿ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಕಾಫಿ ಕುಡಿದರೆ ಕುಡಿದಷ್ಟೂ ಮೂತ್ರವಾಗಿ ಹೋಗುತ್ತದೆ ಎಂಬುದು ತಪ್ಪು ಕಲ್ಪನೆ. ದಿನಕ್ಕೆ ಎರಡು-ಮೂರು ಕಪ್ ಅಭ್ಯಾಸವಿರುವವರಿಗೆ ಅದರ ನೀರು ಮೈಗೆ ಹತ್ತುತ್ತದೆ. ಮದ್ಯದ ವಿಷಯ ಬೇರೆ, ಆಮೇಲೆ ಬರುತ್ತದೆ.

ಊಟವೂ ಲೆಕ್ಕವನ್ನು ಬದಲಿಸುತ್ತದೆ. ಬೆಂದ ಅನ್ನದ ತೂಕದಲ್ಲಿ ಮೂರನೇ ಎರಡು ಪಾಲು ನೀರೇ. ಎರಡು ಹೊತ್ತು ಅನ್ನ, ಸಾರು, ಮಜ್ಜಿಗೆ ಉಣ್ಣುವ ಕರಾವಳಿಯ ಮನೆಯವರಿಗೆ ತಟ್ಟೆಯಿಂದಲೇ ಸಾಕಷ್ಟು ನೀರು ಸಿಗುತ್ತದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಊಟದವರಿಗೆ ಅಷ್ಟು ಸಿಗುವುದಿಲ್ಲ. ಪುಣೆಯಲ್ಲಿ ನೆಲೆಸಿದ ವಿಜಯಪುರ, ಕಲಬುರಗಿಯವರು 35ರ ಕಡೆಗೆ ಲೆಕ್ಕ ಹಾಕುವುದು ಮೇಲು, ಪುಣೆಯ ಬೇಸಿಗೆ ಒಣಗಾಳಿಯದಾದ್ದರಿಂದ ಇನ್ನೂ ಮೇಲು.

2. ನಿಮ್ಮ ಬೆವರನ್ನು ಅಳೆಯಿರಿ

ಇದೇ ಮುಖ್ಯ ಹಂತ. ಒಂದು ಗಂಟೆಯ ವ್ಯಾಯಾಮದಲ್ಲಿ ಎಷ್ಟು ಲೀಟರ್ ಬೆವರು ಹೋಗುತ್ತದೆ ಎಂಬುದಕ್ಕೆ ಬೆವರಿನ ದರ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಇರುತ್ತದೆ. ಒಂದೇ ಟ್ರ್ಯಾಕಿನಲ್ಲಿ ಒಟ್ಟಿಗೆ ಓಡುವ ಇಬ್ಬರು ಗೆಳೆಯರಲ್ಲಿ ಒಬ್ಬರದು ಇನ್ನೊಬ್ಬರದರ ಎರಡರಷ್ಟಿದ್ದರೂ ಆಶ್ಚರ್ಯವಿಲ್ಲ.

ತೂಕದ ಯಂತ್ರ ಡಿಜಿಟಲ್ ಆಗಿರಲಿ, 100 ಗ್ರಾಮಿನ ವ್ಯತ್ಯಾಸ ತೋರಿಸಬೇಕು. 50 ಗ್ರಾಂ ತೋರಿಸಿದರೆ ಇನ್ನೂ ಒಳ್ಳೆಯದು. ಮುಳ್ಳು ತಿರುಗುವ ಹಳೆಯ ಯಂತ್ರ ಈ ಕೆಲಸಕ್ಕೆ ಬಾರದು. ಯಂತ್ರವನ್ನು ಗಟ್ಟಿ ಟೈಲ್ಸಿನ ಮೇಲೆ ಇಡಿ. ಚಾಪೆ, ಕಾರ್ಪೆಟ್ ಮೇಲೆ ಇಟ್ಟರೆ ತೂಕ ತಪ್ಪುತ್ತದೆ. ನಾಲ್ಕು ಮೂಲೆಗೆ ಸೀಮೆಸುಣ್ಣದ ಗುರುತು ಹಾಕಿ ಎರಡೂ ಸಲ ಅದೇ ಜಾಗದಲ್ಲಿಡಿ. ಮೂರು ಸಲ ಹತ್ತಿ ಇಳಿಯಿರಿ. ಮೂರೂ ಒಂದೇ ಬಂದರೆ ಯಂತ್ರ ಸರಿ. ಪ್ರತಿ ಸಲವೂ ಬೇರೆ ಬರುತ್ತಿದ್ದರೆ ಮೊದಲು ಸೆಲ್ ಬದಲಿಸಿ ನೋಡಿ.

ಕ್ರಮ ಹೀಗೆ:

ಮೂತ್ರ ವಿಸರ್ಜಿಸಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ ಬರೆದುಕೊಳ್ಳಿ. ಸಾಧ್ಯವಿದ್ದರೆ ಬಚ್ಚಲಮನೆಯಲ್ಲಿ ಬಟ್ಟೆಯಿಲ್ಲದೆ. ಬಾಟಲಿಗೆ ಅಳೆದು ನೀರು ತುಂಬಿ. ದಿನನಿತ್ಯದ ವೇಗದಲ್ಲೇ ಒಂದು ಗಂಟೆ ವ್ಯಾಯಾಮ ಮಾಡಿ. ಮುಗಿದ ಮೇಲೆ ತಲೆಗೂದಲಿನಿಂದ ಪಾದದವರೆಗೆ ಟವೆಲಿನಿಂದ ಚೆನ್ನಾಗಿ ಒರೆಸಿಕೊಂಡು, ಏನನ್ನೂ ಕುಡಿಯದೆ, ಮೊದಲಿನಂತೆಯೇ ತೂಕ ನೋಡಿ. ಬಾಟಲಿಯಲ್ಲಿ ಎಷ್ಟು ಕಡಿಮೆಯಾಗಿದೆ ನೋಡಿ.

ತೂಕದಲ್ಲಿ ಕಡಿಮೆಯಾದದ್ದಕ್ಕೆ ಕುಡಿದದ್ದನ್ನು ಕೂಡಿಸಿ. ನಡುವೆ ಮೂತ್ರಕ್ಕೆ ಹೋಗಿದ್ದರೆ ಅದರ ಅಂದಾಜನ್ನು ಕಳೆಯಿರಿ. ಒಂದು ಕಿಲೋ ಎಂದರೆ ಒಂದು ಲೀಟರ್.

ಒಂದು ಉದಾಹರಣೆ. ಮೊದಲು 68.4 ಕಿಲೋ, ಒಂದು ಗಂಟೆ ಓಡಿದ ಮೇಲೆ 67.5. ಇಳಿದದ್ದು 0.9 ಕಿಲೋ. ಓಡುವಾಗ ಕುಡಿದದ್ದು 400 ಮಿ.ಲೀ. ಎರಡನ್ನೂ ಕೂಡಿಸಿದರೆ 1.3. ಈ ವ್ಯಕ್ತಿಯ ಬೆವರಿನ ದರ ಗಂಟೆಗೆ 1.3 ಲೀಟರ್. ಮುಕ್ಕಾಲು ಗಂಟೆಯಷ್ಟೇ ವ್ಯಾಯಾಮವಾದರೆ ಬಂದ ಉತ್ತರವನ್ನು 0.75ರಿಂದ ಭಾಗಿಸಿ. ಇಪ್ಪತ್ತು ನಿಮಿಷದ ವ್ಯಾಯಾಮದಲ್ಲಿ ಅಳೆಯಲು ಹೋಗಬೇಡಿ, ಯಂತ್ರದ ತಪ್ಪೇ ಬೆವರಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಎಡವುವ ಜಾಗ ಒಂದೇ, ಒದ್ದೆ ಬಟ್ಟೆ. ಮುಂಬಯಿಯ ಸೆಕೆಯಲ್ಲಿ ಓಡಿ ಬಂದವರ ಹತ್ತಿಯ ಟೀ ಶರ್ಟನ್ನು ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಶರ್ಟು, ಚಡ್ಡಿ, ಸಾಕ್ಸ್ ಸೇರಿ ಇನ್ನೂರು-ಮುನ್ನೂರು ಗ್ರಾಂ ಬೆವರನ್ನು ಸುಲಭವಾಗಿ ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ತೊಟ್ಟುಕೊಂಡೇ ತೂಕ ನೋಡಿದರೆ ಹೋದ ನೀರು ಹೋಗೇ ಇಲ್ಲವೆಂದು ಲೆಕ್ಕ ಬರುತ್ತದೆ. ಜಿಮ್ಮಿನ ಯಂತ್ರದಲ್ಲಿ ಶೂ ಸಮೇತ ನೋಡುವವರದೂ ಇದೇ ಕತೆ.

ಒಂದೇ ಸಲ ಅಳೆದು ಮುಗಿಸಬೇಡಿ. ಎಪ್ರಿಲ್-ಮೇಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಮುಂಬಯಿಯವರಾದರೆ ಅಕ್ಟೋಬರಿನ ಬಿಸಿಲಿನಲ್ಲಿ ಒಮ್ಮೆ, ಡಿಸೆಂಬರ್-ಜನವರಿಯಲ್ಲಿ ಒಮ್ಮೆ. ಏಸಿ ಜಿಮ್ಮಿಗೆ ಬೇರೆ, ಬಯಲಿಗೆ ಬೇರೆ. ಕ್ರಿಯೇಟಿನ್ ಪುಡಿ ಶುರು ಮಾಡಿದವರ ತೂಕ ಮೊದಲ ವಾರದಲ್ಲಿ ಒಂದೆರಡು ಕಿಲೋ ಏರಬಹುದು, ಸ್ನಾಯು ನೀರು ಹಿಡಿದುಕೊಳ್ಳುವುದರಿಂದ. ನಿನ್ನೆಯ ತೂಕಕ್ಕೆ ಇಂದಿನದನ್ನು ಹೋಲಿಸದೆ, ಅದೇ ದಿನದ ಹಿಂದು-ಮುಂದಿನ ತೂಕವನ್ನಷ್ಟೇ ನೋಡಿದರೆ ಲೆಕ್ಕ ಕೆಡುವುದಿಲ್ಲ.

ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ, ಕಾವಲಿಯ ಮುಂದೆ ದೋಸೆ ಹುಯ್ಯುತ್ತ ನಿಲ್ಲುವವರು ಪಾಳಿಗೆ ಮುಂಚೆ ಮತ್ತು ಪಾಳಿ ಮುಗಿದ ಮೇಲೆ ಇದೇ ರೀತಿ ತೂಕ ನೋಡಬೇಕು. ಊಟ-ತಿಂಡಿ ನಡುವೆ ಬರುವುದರಿಂದ ಲೆಕ್ಕ ಅಷ್ಟು ಚೊಕ್ಕವಾಗುವುದಿಲ್ಲ, ಆದರೂ ಅಂದಾಜು ಸಿಗುತ್ತದೆ. ಅವರಿಗೆ ಸಂಜೆಯ ಜಿಮ್ ಎರಡನೇ ವ್ಯಾಯಾಮ, ಮೊದಲನೆಯದು ಒಲೆಯ ಮುಂದೆಯೇ ಆಗಿಹೋಗಿರುತ್ತದೆ.

ಮುಂಬಯಿ ಬೆವರು, ಪುಣೆ ಬೆವರು

ಬೆವರು ಮೈಯನ್ನು ತಂಪು ಮಾಡುವುದು ಆವಿಯಾದಾಗ ಮಾತ್ರ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಗದ್ದದಿಂದ ನೆಲಕ್ಕೆ ತೊಟ್ಟಿಕ್ಕಿದ ಬೆವರು ಏನನ್ನೂ ಒಯ್ಯುವುದಿಲ್ಲ. ಮುಂಬಯಿ, ಗೋವೆಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಮೈ ತಂಪಾಗಲಿಲ್ಲವೆಂದು ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ಮೀರಾಮಾರ್ ಕಡಲದಂಡೆಯಲ್ಲಿ ಸಂಜೆ ಓಡುವವರು ಗಾಳಿ ಬೀಸುತ್ತಿದೆಯಲ್ಲ ಎಂದು ಮೋಸಹೋಗಬಾರದು.

ಪುಣೆಯ ಎಪ್ರಿಲ್ ಇದಕ್ಕೆ ತದ್ವಿರುದ್ಧ. ವೇತಾಳ ಟೇಕಡಿಯ ಮೇಲೆ ಬೆವರು ಬಂದದ್ದೇ ಗೊತ್ತಾಗದು, ಬಂದ ಕ್ಷಣ ಆರಿಹೋಗುತ್ತದೆ. “ನನಗೆ ಬೆವರೇ ಬರುವುದಿಲ್ಲ” ಎನ್ನುವ ಪುಣೆಯವರ ಟೋಪಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಇರುತ್ತದೆ. ಕಣ್ಣು ನಂಬಬೇಡಿ, ತೂಕ ನೋಡಿ ಎನ್ನುವುದು ಇದಕ್ಕೇ.

3. ವ್ಯಾಯಾಮಕ್ಕೆ ಮುಂಚೆ

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರಲ್ಲಿ ಹೇಳಿದ ಲೆಕ್ಕ: ಶುರುಮಾಡುವ ಸುಮಾರು ನಾಲ್ಕು ಗಂಟೆ ಮುಂಚೆ ಪ್ರತಿ ಕಿಲೋಗೆ 5ರಿಂದ 7 ಮಿ.ಲೀ. 60 ಕಿಲೋದವರಿಗೆ 300ರಿಂದ 420 ಮಿ.ಲೀ. ಮೂತ್ರ ಬಾರದಿದ್ದರೆ ಅಥವಾ ಗಾಢ ಬಣ್ಣದ್ದಾಗಿದ್ದರೆ ಎರಡು ಗಂಟೆ ಮುಂಚೆ ಕಿಲೋಗೆ ಇನ್ನೂ 3ರಿಂದ 5 ಮಿ.ಲೀ.

ಸಂಜೆ ವ್ಯಾಯಾಮ ಮಾಡುವವರಿಗೆ ಇದು ಸರಿ. ಐದೂವರೆಗೆ ಎದ್ದು ಆರಕ್ಕೆ ಓಡುವವರು ನಾಲ್ಕು ಗಂಟೆ ಮುಂಚೆ ನೀರು ಕುಡಿಯಲು ರಾತ್ರಿ ಎರಡಕ್ಕೆ ಅಲಾರಂ ಇಡಬೇಕಾದೀತು! ಅವರಿಗೆ ನಮ್ಮ ಸಲಹೆ: ರಾತ್ರಿ ಊಟದ ಜೊತೆ ಒಂದು ಲೋಟ ಹೆಚ್ಚು, ಎದ್ದಕೂಡಲೇ 200ರಿಂದ 300 ಮಿ.ಲೀ. ಇಪ್ಪತ್ತು-ಮೂವತ್ತು ನಿಮಿಷ ಬಿಟ್ಟು ಹೊರಡಿ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ತಂಬಿಗೆ ಬಿಸಿನೀರು ಗಟಗಟನೆ ಕುಡಿಯುವ ರೂಢಿ ಹಲವರಿಗಿದೆ. ಒಮ್ಮೆಲೇ ಒಂದು ಲೀಟರ್ ಹೋದರೆ ಅದರ ಬಹುಭಾಗ ಮುಂದಿನ ಒಂದೆರಡು ಗಂಟೆಯಲ್ಲಿ ಮೂತ್ರವಾಗಿ ಹೊರಬರುತ್ತದೆ, ಅಂದರೆ ಸರಿಯಾಗಿ ಓಟದ ನಡುವೆ. ನೀರನ್ನು ಮುಂಗಡವಾಗಿ ಕೂಡಿಟ್ಟುಕೊಳ್ಳುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ, ಒಂಟೆಯ ಡುಬ್ಬದಲ್ಲಿರುವುದೂ ಕೊಬ್ಬೇ.

ಮೂತ್ರದ ಬಣ್ಣ ಒಳ್ಳೆಯ ಗುರುತು, ಆದರೆ ನೋಡುವ ಕ್ರಮ ಗೊತ್ತಿರಬೇಕು. ತೆಳು ನಿಂಬೆ ಪಾನಕದ ಬಣ್ಣವಿದ್ದರೆ ಸಾಕಷ್ಟು ನೀರಿದೆ. ಸಾಸಿವೆ ಎಣ್ಣೆಯ ಬಣ್ಣಕ್ಕೆ ಬಂದಿದ್ದರೆ ಕಡಿಮೆ. ದಿನವಿಡೀ ನೀರಿನ ಹಾಗೆ ಬೆಳ್ಳಗೇ ಇದ್ದರೆ ಅತಿಯಾಗುತ್ತಿದೆ, ಹೆಮ್ಮೆಪಡುವಂಥದ್ದೇನಲ್ಲ. ಬೆಳಗಿನ ಮೊದಲ ಮೂತ್ರ ಎಲ್ಲರದೂ ಗಾಢವಾಗಿಯೇ ಇರುತ್ತದೆ, ಎರಡನೆಯದನ್ನು ನೋಡಿ. ಕಮೋಡಿನ ನೀರಿನಲ್ಲಿ ಬಣ್ಣ ತೆಳುವಾಗಿ ಕಾಣುತ್ತದೆ. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಂಡವರ ಮೂತ್ರ ಹೊಳೆಯುವ ಹಳದಿಯಾಗುತ್ತದೆ, ಅದು ನೀರಿನ ಕೊರತೆಯಲ್ಲ.

4. ವ್ಯಾಯಾಮದ ನಡುವೆ

ಒಂದು ಗಂಟೆಗಿಂತ ಕಡಿಮೆಯಾದರೆ, ಮುಂಚೆ ಹೇಳಿದಂತೆ ಕುಡಿದು ಹೊರಟಿದ್ದರೆ, ಬಾಯಾರಿಕೆಯಾದಾಗ ಕುಡಿಯಿರಿ, ಅಷ್ಟೇ. ಮುಕ್ಕಾಲು ಗಂಟೆಯ ನಡಿಗೆಗೆ ಬಾಟಲಿ ಇಲ್ಲದಿದ್ದರೂ ನಡೆಯುತ್ತದೆ. “ಹತ್ತು ನಿಮಿಷಕ್ಕೊಮ್ಮೆ ಕಡ್ಡಾಯ” ಎಂದು ಜಿಮ್ಮಿನಲ್ಲಿ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ.

ಒಂದು ಗಂಟೆ ಮೀರಿದರೆ ಲೆಕ್ಕ ಬೇಕು. ಹೋದದ್ದನ್ನೆಲ್ಲ ಅಲ್ಲೇ ತುಂಬಿಕೊಳ್ಳಬೇಕಾಗಿಲ್ಲ; ದೇಹತೂಕದ ಶೇಕಡಾ 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು. ಅದನ್ನು ಮೀರಿದರೆ, ಅದರಲ್ಲೂ ಸೆಕೆಯಲ್ಲಿ, ರಕ್ತದ ಪ್ರಮಾಣ ಇಳಿದು ಎದೆಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ಅದೇ ವೇಗಕ್ಕೆ ಏದುಸಿರು ಬರುತ್ತದೆ.

ನಮ್ಮ 68 ಕಿಲೋ ಓಟಗಾರರನ್ನೇ ತೆಗೆದುಕೊಳ್ಳಿ. ಅವರ ಶೇಕಡಾ 2 ಎಂದರೆ ಸುಮಾರು 1.35 ಕಿಲೋ. ಎರಡು ಗಂಟೆ ಓಡಿದರೆ ಹೋಗುವ ಬೆವರು 2.6 ಲೀಟರ್. 1.35 ಕಳೆದರೆ 1.25 ಲೀಟರ್ ಉಳಿಯಿತು. ಅಂದರೆ ಗಂಟೆಗೆ ಸುಮಾರು 600-650 ಮಿ.ಲೀ., ಹದಿನೈದು ನಿಮಿಷಕ್ಕೆ 150-160. ಬಹುತೇಕ ಓಟಗಾರರಿಗೆ ಗಂಟೆಗೆ 400ರಿಂದ 800 ಮಿ.ಲೀ. ಒಳಗೆ ಉತ್ತರ ಬರುತ್ತದೆ; ನಿಧಾನ ಓಡುವ, ತೆಳ್ಳಗಿನವರಿಗೆ 400ರ ಕಡೆ, ಜೋರಾಗಿ ಓಡುವ ಭಾರಿ ದೇಹದವರಿಗೆ 800ರ ಕಡೆ.

150 ಮಿ.ಲೀ. ಎಂದರೆ ಎಷ್ಟು ಗುಟುಕು? ಇದನ್ನೂ ಮನೆಯಲ್ಲೇ ಅಳೆದಿಡಿ. ಅಳತೆ ಗುರುತಿರುವ ಬಾಟಲಿಗೆ 500ರ ಗೆರೆಯವರೆಗೆ ನೀರು ಹಾಕಿ, ಓಡುವಾಗ ಕುಡಿಯುವ ಹಾಗೆ ಐದು ಗುಟುಕು ಕುಡಿದು ಗೆರೆ ನೋಡಿ. 350ಕ್ಕೆ ಇಳಿದಿದ್ದರೆ ನಿಮ್ಮ ಒಂದು ಗುಟುಕು 30 ಮಿ.ಲೀ. ಇನ್ನು ಮುಂದೆ “ಹದಿನೈದು ನಿಮಿಷಕ್ಕೆ ಐದು ಗುಟುಕು” ಎಂದಷ್ಟೇ ನೆನಪಿಟ್ಟರೆ ಆಯಿತು. ಮೂತಿ ಚಿಕ್ಕದಿರುವ ಸಿಪ್ಪರ್ ಬಾಟಲಿಯಲ್ಲಿ ಗುಟುಕು ಅರ್ಧವಾಗುತ್ತದೆ. ಆದ್ದರಿಂದ ಯಾವ ಬಾಟಲಿ ಒಯ್ಯುತ್ತೀರೋ ಅದರಲ್ಲೇ ಅಳೆಯಿರಿ.

ಬೆವರಿನ ದರಕ್ಕಿಂತ ಹೆಚ್ಚು ಎಂದೂ ಕುಡಿಯಬೇಡಿ. ಇದಕ್ಕೆ ಕಾರಣ 7ನೇ ಹಂತದಲ್ಲಿದೆ, ದಯವಿಟ್ಟು ಅದನ್ನು ಓದದೆ ಬಿಡಬೇಡಿ.

ಸಿಂಹಗಡ ಹತ್ತುವವರಿಗೆ ಒಂದು ಮಾತು. ಆತ್ಕರ್‌ವಾಡಿಯಿಂದ ಹತ್ತುವಾಗ ನೀರನ್ನು ಕೆಳಗಿನಿಂದಲೇ ಒಯ್ಯಿರಿ, ಬೇಸಿಗೆಯಲ್ಲಿ ತಲೆಗೆ ಒಂದು ಲೀಟರಿಗೆ ಕಡಿಮೆಯಿಲ್ಲದಂತೆ. ಮೇಲೆ ಮಜ್ಜಿಗೆ ಮಾರುವವರು ಇರುತ್ತಾರೆ ನಿಜ, ಆದರೆ ಬಾಯಾರುವುದು ಅರ್ಧ ದಾರಿಯಲ್ಲಿ.

5. ಮುಗಿದ ಮೇಲೆ

ಇಳಿದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್. ಒಂದಕ್ಕೆ ಒಂದು ಏಕೆ ಸಾಲದು? ಕುಡಿಯುತ್ತಿರುವಾಗಲೂ ಮೂತ್ರಪಿಂಡ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಒಂದು ಪಾಲು ಅಲ್ಲಿಗೆ ಹೋಗುತ್ತದೆ. 0.9 ಕಿಲೋ ಇಳಿದವರು 1.1ರಿಂದ 1.35 ಲೀಟರನ್ನು ಮೂರು-ನಾಲ್ಕು ಗಂಟೆಗೆ ಹಂಚಿ ಕುಡಿಯಲಿ. ಒಟ್ಟಿಗೆ ಉಪ್ಪಿರುವ ತಿಂಡಿ ಇರಲಿ. ಉಪ್ಪಿಟ್ಟು, ಅವಲಕ್ಕಿ, ಇಡ್ಲಿ-ಸಾಂಬಾರು ಯಾವುದಾದರೂ ಸರಿ. ಉಪ್ಪು ನೀರನ್ನು ಮೈಯಲ್ಲಿ ನಿಲ್ಲಿಸುತ್ತದೆ. ಬರೀ ನೀರು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ.

ಮತ್ತೆ ನಾಳೆ ಬೆಳಿಗ್ಗೆಯೇ ವ್ಯಾಯಾಮ ಎನ್ನುವವರು ಇಷ್ಟು ಗಡಿಬಿಡಿ ಮಾಡಬೇಕಾಗಿಲ್ಲ. ಮಾಮೂಲಿ ಊಟ, ಬಾಯಾರಿಕೆಗೆ ತಕ್ಕ ನೀರು ಇಷ್ಟರಲ್ಲೇ ಸರಿಹೋಗುತ್ತದೆ. ಬೆಳಿಗ್ಗೆ ಓಟ, ಸಂಜೆ ಬ್ಯಾಡ್ಮಿಂಟನ್ ಆಡುವವರಿಗೆ ಮಾತ್ರ ಈ ಲೆಕ್ಕ ಮುಖ್ಯ.

ಗೋವೆಯಲ್ಲಿ ಓಡಿ ಬಂದು ಮೊದಲು ಬಿಯರ್ ತೆರೆಯುವ ಪದ್ಧತಿ ಇದ್ದರೆ ಅದನ್ನು ಊಟದ ಹೊತ್ತಿಗೆ ಮುಂದೂಡಿ. ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಮದ್ಯ ಅಡಗಿಸುತ್ತದೆ. ಬತ್ತಿದ ಮೈಯಿಂದ ಇನ್ನಷ್ಟು ನೀರು ಹೋಗುತ್ತದೆ.

ಈಗ ಇಡೀ ದಿನದ ಮೊತ್ತ. ಬುಡದ ಸಂಖ್ಯೆಗೆ, ಒಟ್ಟು ಬೆವರಿನ ಒಂದೂಕಾಲು ಪಟ್ಟು ಕೂಡಿಸಿ. 68 ಕಿಲೋದವರಿಗೆ ಓಟವಿಲ್ಲದ ದಿನ 2ರಿಂದ 2.4 ಲೀಟರ್. ಮೇ ತಿಂಗಳ ಓಟದ ದಿನ, 1.3 ಲೀಟರ್ ಬೆವರಿದರೆ, 3.7ರಿಂದ 4. ಡಿಸೆಂಬರಿನಲ್ಲಿ ಅದೇ ಓಟಕ್ಕೆ 0.7 ಲೀಟರ್ ಬೆವರಿದರೆ 2.9ರಿಂದ 3.3. ಒಬ್ಬರೇ ಮನುಷ್ಯ, ಮೂರು ಉತ್ತರ.

6. ಉಪ್ಪು, ಸಕ್ಕರೆ, ಎಳನೀರು, ಪುನರ್ಪುಳಿ

ಎಲೆಕ್ಟ್ರೊಲೈಟ್ ಎಂದರೆ ದ್ರವದಲ್ಲಿ ಕರಗಿರುವ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳು. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಅಂದರೆ ಅಡುಗೆ ಉಪ್ಪು. ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ಬರೀ ನೀರು ಸಾಕು. ಹೋದ ಉಪ್ಪನ್ನು ಊಟ ತುಂಬಿಕೊಡುತ್ತದೆ. ಒಂದು ಗಂಟೆ ದಾಟಿದ, ಬೆವರು ಸುರಿಯುವ ವ್ಯಾಯಾಮಕ್ಕೆ ಇದನ್ನು ಮಾಡಿಕೊಳ್ಳಿ:

ಒಂದು ಲೀಟರ್ ಕುಡಿಯುವ ನೀರು; 5 ಮಿ.ಲೀ. ಚಹಾ ಚಮಚದಲ್ಲಿ ಕಾಲು ಚಮಚ ಉಪ್ಪು, ಮಟ್ಟಸವಾಗಿ, ಅಂದರೆ ಸುಮಾರು ಒಂದೂವರೆ ಗ್ರಾಂ, ಆರು ಮಟ್ಟಸ ಚಮಚ ಸಕ್ಕರೆ, ಸುಮಾರು 25 ಗ್ರಾಂ, ಒಂದು ನಿಂಬೆಹಣ್ಣು. ಇದರಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಎರಡು ಗಂಟೆ ಮೀರುವ ಓಟವಾದರೆ ಸಕ್ಕರೆಯನ್ನು ಲೀಟರಿಗೆ 60 ಗ್ರಾಮಿನವರೆಗೆ ಏರಿಸಬಹುದು. ಅದಕ್ಕಿಂತ ಹೆಚ್ಚಾದರೆ ಹೊಟ್ಟೆಯಿಂದ ನೀರು ಬೇಗ ಇಳಿಯದೆ ಕುಲುಕುಲು ಎನ್ನುತ್ತದೆ, ಕೆಲವರಿಗೆ ವಾಂತಿ ಬರುತ್ತದೆ. ಕಬ್ಬಿನಹಾಲು ಓಟದ ನಡುವೆ ಬೇಡವೆನ್ನುವುದು ಇದೇ ಕಾರಣಕ್ಕೆ. ಅದರಲ್ಲಿರುವ ಸಕ್ಕರೆ ಈ ಮಿತಿಯ ಎರಡರಷ್ಟು.

ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಚಮಚ ಗೋಪುರವಾದರೆ ಎರಡರಷ್ಟಾಗುತ್ತದೆ. ಸೈಂಧವ ಲವಣ, ಕಾಳಾ ನಮಕ್ ಯಾವುದಾದರೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ರುಚಿಗೆ ಬಳಸಿ, ಔಷಧಿಯೆಂದಲ್ಲ.

ಎಳನೀರು ಒಳ್ಳೆಯದು. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದರ ತಿರುವುಮುರುವು. ಓಟ ಮುಗಿಸಿ ಎಳನೀರು ಕುಡಿದರೆ ಜೊತೆಗೆ ಉಪ್ಪಿರುವ ತಿಂಡಿಯೂ ಇರಲಿ.

ಮಜ್ಜಿಗೆ ವ್ಯಾಯಾಮ ಮುಗಿದ ಮೇಲಿನದು: ಒಂದು ಲೋಟ ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು, ಶುಂಠಿ. ಓಡುತ್ತಿರುವಾಗ ಹಾಲಿನ ಪದಾರ್ಥ ಹಲವರ ಹೊಟ್ಟೆಗೆ ಒಗ್ಗದು. ಪುನರ್ಪುಳಿ, ಅಂದರೆ ಕೊಂಕಣದ ಕೋಕಮ್, ಎರಡು ಬಗೆಯಲ್ಲಿ ಸಿಗುತ್ತದೆ. ಶರಬತ್ತಿನ ಪಾಕದಲ್ಲಿ ಸಕ್ಕರೆ ಸುರಿದಿರುತ್ತಾರೆ. ‘ಆಗಳ್’ ಎಂದು ಗೋವೆಯಲ್ಲಿ ಸಿಗುವ ದಟ್ಟ ರಸದಲ್ಲಿ ಉಪ್ಪು ಇರುತ್ತದೆ. ಆಗಳ್ ಬಳಸಿದರೆ ಮೇಲೆ ಉಪ್ಪು ಹಾಕಬೇಡಿ, ಒಂದು ಲೋಟ ನೀರಿಗೆ ಒಂದೆರಡು ಚಮಚದಷ್ಟೇ ಹಾಕಿ ರುಚಿ ನೋಡಿ. ಸೋಲ್‌ಕಢಿಯಲ್ಲಿ ತೆಂಗಿನಹಾಲಿನ ಕೊಬ್ಬಿದೆ, ಅದು ಊಟದ ಪಕ್ಕದ್ದು.

ಓಆರ್‌ಎಸ್ ಪೊಟ್ಟಣ ಭೇದಿಯಾದವರಿಗಾಗಿ ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ನಮ್ಮ ಪಾನಕಕ್ಕಿಂತ ಉಪ್ಪು ಹೆಚ್ಚು, ಸಿಹಿ ಕಡಿಮೆ. ತುಂಬ ಬೆವರಿದ ದಿನ ಒಂದು ಲೀಟರ್ ಕುಡಿದರೆ ತೊಂದರೆಯಿಲ್ಲ, ದಿನನಿತ್ಯದ ಪಾನೀಯವಲ್ಲ. ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿ.ಲೀ.ನ ಚಿಕ್ಕದೂ ಇದೆ. ಓದದೆ ಒಂದು ಲೋಟಕ್ಕೆ ದೊಡ್ಡ ಪೊಟ್ಟಣ ಸುರಿದರೆ ಐದರಷ್ಟು ದಟ್ಟವಾಗಿ ಅಪಾಯವಾಗುತ್ತದೆ. ಡಬ್ಬಿಯ ಹಣ್ಣಿನ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಷೇಧಿಸಿದೆ. ಮೆಡಿಕಲ್ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನೇ ಕೇಳಿ.

7. ಹೆಚ್ಚು ಕುಡಿದರೆ ಏನಾಗುತ್ತದೆ

ನೀರು ಹೆಚ್ಚಾದರೆ ಏನೂ ಆಗದು, ಮೂತ್ರವಾಗಿ ಹೋಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಆರೋಗ್ಯವಂತ ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದು ಸುಮಾರು ಒಂದು ಲೀಟರ್. ದೀರ್ಘ ವ್ಯಾಯಾಮದ ಹೊತ್ತಿನಲ್ಲಿ ಅದೂ ಕಡಿಮೆಯಾಗುತ್ತದೆ. ಅದನ್ನು ಮೀರಿ ಒಳಬಂದ ನೀರು ರಕ್ತದ ಸೋಡಿಯಂ ಅನ್ನು ತೆಳುವಾಗಿಸುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಇಳಿದರೆ ಅದಕ್ಕೆ ಹೈಪೊನಟ್ರೀಮಿಯಾ ಎನ್ನುತ್ತಾರೆ. ತೀವ್ರವಾದರೆ ಮಿದುಳು ಊದಿಕೊಂಡು ಜೀವಕ್ಕೇ ಸಂಚಕಾರ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಈ ಗೆರೆಗಿಂತ ಕೆಳಗಿತ್ತು. ಓಡುತ್ತ ತೂಕ ಏರಿಸಿಕೊಂಡವರಿಗೆ ಅಪಾಯ ಹೆಚ್ಚು ಎಂಬುದೂ ಗೊತ್ತಾಯಿತು.

ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ ಐದಾರು ಗಂಟೆ ತೆಗೆದುಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ವೇಗವಾಗಿ ಓಡುವವರಿಗೆ ಕುಡಿಯಲು ಪುರಸೊತ್ತಿಲ್ಲ. ನಿಧಾನಕ್ಕೆ ಹೋಗುವವರಿಗೆ ಬೆವರು ಕಡಿಮೆ, ನೀರಿನ ಮೇಜು ಸಿಕ್ಕಲ್ಲೆಲ್ಲ ಒಂದೊಂದು ಲೋಟ.

ಗುರುತುಗಳು: ಮುಗಿದ ಮೇಲೆ ತೂಕ ಮೊದಲಿಗಿಂತ ಹೆಚ್ಚಾಗಿರುವುದು, ಉಂಗುರ ಬಿಗಿಯಾಗುವಷ್ಟು ಬೆರಳು ಊದುವುದು, ತಲೆನೋವು, ವಾಂತಿ, ಗಲಿಬಿಲಿ, ಫಿಟ್ಸ್. ಇಂಥವರಿಗೆ “ನೀರು ಕುಡಿಸಿ” ಎಂದು ನಾಲ್ಕು ಜನ ಸುತ್ತ ನಿಂತು ಹೇಳುತ್ತಾರೆ. ಕುಡಿಸಬೇಡಿ. 108ಕ್ಕೆ ಕರೆಮಾಡಿ, ಎಷ್ಟು ನೀರು ಕುಡಿದಿದ್ದರೆಂದು ವೈದ್ಯರಿಗೆ ತಿಳಿಸಿ.

ಮೈ ಸುಡುತ್ತಿದ್ದು ಮಾತು ತೊದಲುತ್ತಿದ್ದರೆ ಅದು ಉಷ್ಣಾಘಾತವಿರಬಹುದು. ಆಂಬುಲೆನ್ಸಿಗೆ ಕಾಯುತ್ತ ಕೂರದೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಭಾರಿ ವ್ಯಾಯಾಮದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ಸ್ನಾಯು ವಿಪರೀತ ನೋಯುತ್ತಿದ್ದರೆ ನೀರು ಕುಡಿದು ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿರಬಹುದು.

ಮೂತ್ರಪಿಂಡದ ಕಾಯಿಲೆ, ಹೃದಯದ ದೌರ್ಬಲ್ಯ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಇಲ್ಲಿನ ಯಾವ ಸಂಖ್ಯೆಯನ್ನೂ ವೈದ್ಯರನ್ನು ಕೇಳದೆ ಬಳಸಬಾರದು. ರಕ್ತದೊತ್ತಡ ಇರುವವರು ಉಪ್ಪಿನ ಪಾನಕಕ್ಕೂ, ಮಧುಮೇಹಿಗಳು ಸಕ್ಕರೆಗೂ ಅನುಮತಿ ಪಡೆಯಿರಿ. ಅರವತ್ತು ದಾಟಿದವರಿಗೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಬಾಯಾರಿದಾಗ ಕುಡಿಯಿರಿ ಎಂಬ ಸಲಹೆ ಅವರಿಗೆ ಸಾಲದು, ಗಡಿಯಾರ ನೋಡಿ ಕುಡಿಯಬೇಕು.

8. ಲೋಕಲ್ ರೈಲಿನವರಿಗೆ

ಮುಂಬಯಿಯ ಲೋಕಲ್‌ನಲ್ಲಿ ಶೌಚಾಲಯವಿಲ್ಲ. ಡೊಂಬಿವಲಿ, ವಿರಾರ್ ಕಡೆಯಿಂದ ಬರುವ ಹೆಂಗಸರು ದಿನವಿಡೀ ನೀರು ಕುಡಿಯದೆ ರಾತ್ರಿ ಮನೆಯಲ್ಲಿ ಒಂದೂವರೆ ಲೀಟರ್ ಕುಡಿಯುತ್ತಾರೆ, ಆಮೇಲೆ ನಿದ್ದೆಗೆಡುತ್ತಾರೆ. ಕಡಿಮೆ ಕುಡಿಯಬೇಡಿ, ಹೊತ್ತು ಬದಲಿಸಿ. ಒಮ್ಮೆಲೇ ಕುಡಿದ ಅರ್ಧ ಲೀಟರ್ ಮುಕ್ಕಾಲು ಗಂಟೆ-ಒಂದು ಗಂಟೆಯಲ್ಲಿ ಮೂತ್ರಕೋಶ ತುಂಬುತ್ತದೆ. ಗುಟುಕು ಗುಟುಕಾಗಿ ಕುಡಿದದ್ದು ಅಷ್ಟು ಅವಸರ ಮಾಡುವುದಿಲ್ಲ.

60 ಕಿಲೋ ತೂಕದ, ಬೆಳಿಗ್ಗೆ ಮುಕ್ಕಾಲು ಗಂಟೆ ಏಸಿ ಜಿಮ್ಮಿನಲ್ಲಿ ಅರ್ಧ ಲೀಟರ್ ಬೆವರುವವರಿಗೆ ದಿನಕ್ಕೆ ಬೇಕಾದದ್ದು 2.4ರಿಂದ 2.7 ಲೀಟರ್. ಹೀಗೆ ಹಂಚಬಹುದು: ಐದೂವರೆಗೆ 200; ಜಿಮ್ಮಿನಲ್ಲಿ 200; ಏಳರಿಂದ ಏಳೂಮುಕ್ಕಾಲರೊಳಗೆ ಚಹಾ ಸೇರಿ 400. ಎಂಟು ನಲವತ್ತರ ರೈಲಾದರೆ ಎಂಟರ ನಂತರ ಏನೂ ಬೇಡ, ಮನೆ ಬಿಡುವಾಗ ಒಮ್ಮೆ ಶೌಚಾಲಯಕ್ಕೆ ಹೋಗಿ. ಆಫೀಸು ಮುಟ್ಟಿದಕೂಡಲೇ 300, ಊಟದೊಳಗೆ 400, ಊಟಕ್ಕೆ ಮಜ್ಜಿಗೆ ಸೇರಿ 300, ಮಧ್ಯಾಹ್ನ 400, ಐದರ ಚಹಾ 150. ಮನೆಗೆ ಬಂದು ಊಟದ ಜೊತೆ 300. ಒಟ್ಟು 2,650 ಮಿ.ಲೀ.

ಬಾಟಲಿಯ ಬಗ್ಗೆ

ಅಳತೆಯ ಗೆರೆ ಇಲ್ಲದ ಸ್ಟೀಲ್ ಬಾಟಲಿಯಾದರೆ ಅಡುಗೆಮನೆಯ ಅಳತೆ ಲೋಟದಿಂದ ಒಮ್ಮೆ ತುಂಬಿ ನೋಡಿ. ಒಂದು ಲೀಟರ್ ಎಂದು ಅಚ್ಚಾಗಿರುವುದು ಕತ್ತಿನವರೆಗೆ ತುಂಬಿದಾಗ ಮಾತ್ರ ಒಂದು ಲೀಟರ್ ಇರಬಹುದು. ನಿಂಬೆ-ಉಪ್ಪಿನ ಪಾನಕವನ್ನು ತಾಮ್ರದ ಬಾಟಲಿಗೆ ಹಾಕಬೇಡಿ, ಹುಳಿಗೆ ತಾಮ್ರ ಬಿಡುತ್ತದೆ. ಸಕ್ಕರೆ ಹಾಕಿದ ಬಾಟಲಿಯನ್ನು ಅಂದೇ ತೊಳೆಯಿರಿ. ಮುಚ್ಚಳದೊಳಗಿನ ರಬ್ಬರ್ ಬಳೆಯನ್ನು ವಾರಕ್ಕೊಮ್ಮೆ ಬೆರಳುಗುರಿನಿಂದ ಎಬ್ಬಿಸಿ ತೆಗೆದು ನೋಡಿ. ಮಳೆಗಾಲದ ಮುಂಬಯಿಯಲ್ಲಿ ಅದರ ಹಿಂದೆ ಕಪ್ಪು ಬೂಷ್ಟು ಕಟ್ಟಿಕೊಂಡಿರುತ್ತದೆ. ಬಿಸಿನೀರು, ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕೂರಿಸಿ.